ಕಾಯಿಲೆಯ ಬೆಲೆ ಯಾರ ಹೆಗಲಿಗೆ?

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಸ್ತ್ರೀಯ ಪ್ರಸಂಗವನ್ನು ಶುಭಸಂದೇಶಕಾರರಾದ ಮಾರ್ಕರೂ ಬರೆದಿದ್ದಾರೆ, ಲೂಕರೂ ಬರೆದಿದ್ದಾರೆ. ಆದರೆ ಇಬ್ಬರ ಬರವಣಿಗೆಯಲ್ಲಿ ಒಂದು ಸಣ್ಣ ವ್ಯತ್ಯಾಸವಿದೆ. ಆಕೆ ಅನೇಕ ವೈದ್ಯರ ಕೈಯಲ್ಲಿ ನರಳಿ, ಇದ್ದಬದ್ದದ್ದನ್ನೆಲ್ಲ ಅವರಿಗೆ ಸುರಿದು, ಕೊನೆಗೆ ಮೊದಲಿಗಿಂತಲೂ ಹದಗೆಟ್ಟಳೆಂದು ಮಾರ್ಕರು ಮುಲಾಜಿಲ್ಲದೆ ಹೇಳುತ್ತಾರೆ. ಲೂಕರಾದರೋ ಯಾರಿಂದಲೂ ಆಕೆಗೆ ಗುಣವಾಗಲಿಲ್ಲವೆಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಲೂಕರು ಸ್ವತಃ ವೈದ್ಯರೆಂಬುದು ಪರಂಪರೆಯ ಮಾತು. ವೃತ್ತಿಬಾಂಧವರ ಮಾನವನ್ನು ಕೊಂಚ ಕಾಪಾಡಿದರೆಂದು ಬೈಬಲ್ ಪಂಡಿತರು ನಗೆಯಾಡುವುದುಂಟು. ನಮಗೆ ಇಲ್ಲಿ ಮುಖ್ಯವಾದುದು ಮಾರ್ಕರ ಲೆಕ್ಕಾಚಾರ. ಕಾಯಿಲೆಯೆಂದರೆ ದೇಹದ ನೋವು ಮಾತ್ರವಲ್ಲ, ಅದು ಮನೆಯ ಗಂಟನ್ನೂ ಕರಗಿಸುತ್ತದೆಂಬುದನ್ನು ಅವರು ಒಂದೇ ಉಸಿರಿನಲ್ಲಿ ದಾಖಲಿಸಿದರು.

ಮಕ್ಕಳು ಮೊಮ್ಮಕ್ಕಳು ಹೊರದೇಶಗಳಲ್ಲಿರುವ ನಮ್ಮ ಕುಟುಂಬಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: ಶ್ರೀಮಂತ ದೇಶದಲ್ಲಿ ಕಾಯಿಲೆ ಬಿದ್ದರೂ ಚಿಂತೆಯಿಲ್ಲ, ಅಲ್ಲಿ ಎಲ್ಲವೂ ಉತ್ತಮ. ಈ ನಂಬಿಕೆಯನ್ನು ಪರೀಕ್ಷಿಸಲು ಅಮೆರಿಕ ಮತ್ತು ಪೋಲೆಂಡ್ ಎಂಬ ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಜಗತ್ತಿನ ಅತಿ ದೊಡ್ಡ ಅರ್ಥವ್ಯವಸ್ಥೆ. ಇನ್ನೊಂದು 1989ರವರೆಗೆ ಕಮ್ಯುನಿಸ್ಟ್ ಆಳ್ವಿಕೆಯಲ್ಲಿದ್ದು, ನಂತರ ತನ್ನ ಕಾಲ ಮೇಲೆ ನಿಂತ ಕಥೋಲಿಕ ಬಹುಸಂಖ್ಯೆಯ ನಾಡು. ಅದರ ತಲಾ ಆದಾಯ ಡಾಲರ್ ಲೆಕ್ಕದಲ್ಲಿ ಅಮೆರಿಕದ ಕಾಲು ಭಾಗದ ಆಸುಪಾಸು.

ಅಮೆರಿಕ 2023ರಲ್ಲಿ ಆರೋಗ್ಯಕ್ಕಾಗಿ ಮಾಡಿದ ವೆಚ್ಚ ತಲೆಯೊಂದಕ್ಕೆ 14,570 ಡಾಲರ್. ದೇಶದ ಒಟ್ಟು ಉತ್ಪನ್ನದ ಶೇ. 17.6. ಪೋಲೆಂಡ್ ತನ್ನ ಉತ್ಪನ್ನದ ಶೇ. 7ರ ಸುಮಾರಿನಷ್ಟನ್ನು ಮಾತ್ರ ವ್ಯಯಿಸುತ್ತದೆ. ಬೆಲೆಗಳ ಅಂತರವನ್ನು ಸರಿದೂಗಿಸಿ ನೋಡಿದರೂ ಅಮೆರಿಕದ ತಲಾ ಆರೋಗ್ಯ ವೆಚ್ಚ ಪೋಲೆಂಡಿನ ಮೂರು ಪಟ್ಟನ್ನು ಮೀರುತ್ತದೆ. ಇಷ್ಟಾದ ಮೇಲೆ ಆಯುಷ್ಯವೂ ಮೂರು ಪಟ್ಟಲ್ಲದಿದ್ದರೂ ಒಂದಿಷ್ಟಾದರೂ ಹೆಚ್ಚಿರಬೇಕಲ್ಲವೇ? ಅದೇ ವರ್ಷ ಎರಡೂ ದೇಶಗಳಲ್ಲಿ ಸರಾಸರಿ ನಿರೀಕ್ಷಿತ ಆಯುಷ್ಯ 78 ವರ್ಷಗಳ ಆಸುಪಾಸಿನಲ್ಲೇ ಇತ್ತು. ಆಯುಷ್ಯವನ್ನು ನಿರ್ಧರಿಸುವುದು ಆಸ್ಪತ್ರೆಯೊಂದೇ ಅಲ್ಲ. ಊಟ, ದುಡಿಮೆ, ವ್ಯಸನ, ಬಂದೂಕು, ರಸ್ತೆಯ ಅಪಘಾತ ಎಲ್ಲವೂ ಅದರಲ್ಲಿ ಸೇರಿವೆ. ಆದರೂ ಹಣ ಹರಿದಷ್ಟು ಆರೋಗ್ಯ ಹರಿಯುವುದಿಲ್ಲ ಎಂಬುದಂತೂ ಸ್ಪಷ್ಟ.

ಅಮೆರಿಕದಲ್ಲಿ ವಿಮೆಯು ಬಹುಮಟ್ಟಿಗೆ ನೌಕರಿಗೆ ಅಂಟಿಕೊಂಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಕೂಲಿಯ ಏರಿಕೆಗೆ ಕಡಿವಾಣ ಹಾಕಿದಾಗ, ಮಾಲೀಕರು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆಯನ್ನು ಮುಂದೊಡ್ಡಿದರು. ಆ ಪದ್ಧತಿಯೇ ಬೇರೂರಿತು. ವೃದ್ಧರಿಗೂ ಬಡವರಿಗೂ 1965ರಲ್ಲಿ ಸರ್ಕಾರಿ ಯೋಜನೆಗಳು ಬಂದವು, 2010ರಲ್ಲಿ ಮತ್ತೊಂದು ದೊಡ್ಡ ಕಾಯಿದೆ ಬಂತು. ಹೀಗಿದ್ದೂ 2023ರಲ್ಲಿ ಸುಮಾರು 2.6 ಕೋಟಿ ಜನ ಯಾವ ವಿಮೆಯೂ ಇಲ್ಲದೆ ಇದ್ದರು. ವಿಮೆ ಇದ್ದವನೂ ಮೊದಲ ಕೆಲವು ಸಾವಿರ ಡಾಲರನ್ನು ತನ್ನ ಕೈಯಿಂದಲೇ ತೆರಬೇಕಾಗುವುದು ಸಾಮಾನ್ಯ. ವಸೂಲಿಗೆ ನಿಂತ ಆಸ್ಪತ್ರೆ ಸಾಲವು ಜನರ ಸಾಲದ ದಾಖಲೆಗಳಲ್ಲಿ 8,800 ಕೋಟಿ ಡಾಲರಿನಷ್ಟಿದೆಯೆಂದು ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯೇ 2022ರಲ್ಲಿ ಲೆಕ್ಕ ಕೊಟ್ಟಿತು. ಮಾರ್ಕರ ಸ್ತ್ರೀ ಅಲ್ಲಿಯೂ ಇದ್ದಾಳೆ; ಕೇವಲ ಸಿರಿವಂತ ನಾಡಿನಲ್ಲಿದ್ದಾಳೆ.

ಪೋಲೆಂಡಿನ ದಾರಿ ಬೇರೆ. ದುಡಿಯುವವನ ಆದಾಯದ ಶೇ. 9ರಷ್ಟು ವಂತಿಗೆ ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. 2003ರಿಂದ ಅದಕ್ಕೆ ರಾಷ್ಟ್ರೀಯ ಆರೋಗ್ಯ ನಿಧಿಯೆಂದು ಹೆಸರು. ಕುಟುಂಬದವರೂ ಅದರ ನೆರಳಿನಲ್ಲಿ ಬರುತ್ತಾರೆ. 2023ರ ಸೆಪ್ಟೆಂಬರಿನಿಂದ 65 ದಾಟಿದವರಿಗೂ 18ರ ಒಳಗಿನವರಿಗೂ ಪಟ್ಟಿಯಲ್ಲಿರುವ ಔಷಧಗಳು ಉಚಿತ. ಇದನ್ನು ಸ್ವರ್ಗವೆಂದು ಬಣ್ಣಿಸಲು ನಾವು ಹೊರಟಿಲ್ಲ. ತಜ್ಞವೈದ್ಯರನ್ನು ಕಾಣಲು ಅಲ್ಲಿ ತಿಂಗಳುಗಟ್ಟಲೆ ಸರತಿ. ಕೈಯಲ್ಲಿ ಕಾಸಿದ್ದವರು ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಾರೆ. 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಹಲವಾರು ವೈದ್ಯರು, ದಾದಿಯರು ಪಶ್ಚಿಮಕ್ಕೆ ತೆರಳಿದರು. ಕಮ್ಯುನಿಸ್ಟರ ಕಾಲದಲ್ಲಿ ಎಲ್ಲವೂ ಪುಕ್ಕಟೆ ಎಂಬ ಫಲಕದ ಹಿಂದೆ ಲಕೋಟೆಗಳು ಕೈ ಬದಲಾಗುತ್ತಿದ್ದುದೂ ಗುಟ್ಟಲ್ಲ. ನಮ್ಮ ಹೆರಿಗೆ ವಾರ್ಡುಗಳ 'ಚಹಾ ಖರ್ಚು' ಬಲ್ಲವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ.

ಆ ಕಾಲದಲ್ಲೇ, 1980ರ ಆಗಸ್ಟಿನಲ್ಲಿ, ಗ್ದಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಸರ್ಕಾರದ ಮುಂದೆ 21 ಬೇಡಿಕೆಗಳನ್ನಿಟ್ಟರು. 'ಸಾಲಿಡಾರಿಟಿ' ಚಳುವಳಿ ಹುಟ್ಟಿದ್ದು ಅಲ್ಲಿಂದ. ಸ್ವತಂತ್ರ ಸಂಘ, ಮುಷ್ಕರದ ಹಕ್ಕು ಇವುಗಳ ಜೊತೆಯಲ್ಲಿ ವೈದ್ಯಕೀಯ ಸೇವೆಯ ಸ್ಥಿತಿಯನ್ನು ಸುಧಾರಿಸಿ ಕಾರ್ಮಿಕರಿಗೆ ಪೂರ್ಣ ಚಿಕಿತ್ಸೆ ದೊರಕಿಸಬೇಕೆಂಬುದೂ ಆ ಪಟ್ಟಿಯಲ್ಲಿತ್ತು. ಒಂದು ವರ್ಷದ ತರುವಾಯ, 1981ರ ಸೆಪ್ಟೆಂಬರಿನಲ್ಲಿ, ಅದೇ ನಾಡಿನವರಾದ ಜಗದ್ಗುರು ಎರಡನೆಯ ಜಾನ್ ಪಾಲರು ದುಡಿಮೆಯನ್ನು ಕುರಿತ ತಮ್ಮ ವಿಶ್ವಪತ್ರ 'ಲಬೋರೆಮ್ ಎಕ್ಸೆರ್ಚೆನ್ಸ್' ಹೊರಡಿಸಿದರು. ದುಡಿಯುವವನಿಗೆ ವೈದ್ಯಕೀಯ ನೆರವು ಸುಲಭವಾಗಿ ಕೈಗೆಟುಕಬೇಕು, ಸಾಧ್ಯವಾದಷ್ಟು ಅಗ್ಗವಾಗಿರಬೇಕು, ಉಚಿತವಾಗಿದ್ದರೂ ಸರಿ ಎಂಬುದು ಅದರಲ್ಲಿನ ಬೋಧನೆ. ಕೂಲಿಯ ಪ್ರಶ್ನೆಯನ್ನು ಚರ್ಚಿಸುವ ಭಾಗದಲ್ಲೇ ಇದು ಬರುತ್ತದೆಂಬುದನ್ನು ಗಮನಿಸಬೇಕು. ಚಿಕಿತ್ಸೆಯು ಅವರ ದೃಷ್ಟಿಯಲ್ಲಿ ದಾನವಲ್ಲ, ದುಡಿಮೆಗೆ ಸಲ್ಲಬೇಕಾದ ಋಣ. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಆ ಪೋಪರನ್ನು ಕಂಡವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ಅವರ ಈ ವಿಶ್ವಪತ್ರವನ್ನು ಓದಿದವರು ಅಷ್ಟಿರಲಾರರು.

ಸಂಪತ್ತು ತಾನೇ ಗುರಿಯಲ್ಲ, ಮತ್ತೊಂದಕ್ಕಾಗಿ ಬಳಸುವ ಸಾಧನ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೊದಲ ಭಾಗದಲ್ಲೇ ತೀರ್ಮಾನಿಸಿದ. ಜೀವನಮಟ್ಟವನ್ನು ಅಳೆಯುವಾಗ ನಾವು ಇದನ್ನು ಮರೆಯುತ್ತೇವೆ. ಸಂಬಳವೆಷ್ಟು, ಮನೆಯೆಷ್ಟು ದೊಡ್ಡದು, ಬಾಗಿಲಲ್ಲಿ ಯಾವ ಗಾಡಿ ಎಂದು ಕೇಳುತ್ತೇವೆ. ಮನೆಯ ಯಜಮಾನ ನಾಳೆ ಹಾಸಿಗೆ ಹಿಡಿದರೆ ಈ ಮನೆ ಎಷ್ಟು ದಿನ ನಿಂತೀತು ಎಂದು ಕೇಳುವುದಿಲ್ಲ. ಈ ಪ್ರಶ್ನೆಯನ್ನು ನಮ್ಮ ಸೀಮೆಗೆ ತಂದು ನೋಡೋಣ.

ಅಫಜಲಪುರ ತಾಲ್ಲೂಕಿನ ಹವಳಗಾದ ಸಕ್ಕರೆ ಕಾರ್ಖಾನೆ ಕಬ್ಬು ನುರಿಸಲು ಆರಂಭಿಸಿತೆಂದರೆ ಸುತ್ತಲಿನ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು, ಹೊಲಗಳಲ್ಲಿ ಕಬ್ಬು ಕಡಿಯುವ ತಂಡಗಳು. ಮುಂಗಡ ಪಡೆದು ಬಂದ ಗಂಡ ಹೆಂಡತಿ ಜೊತೆಯಾಗಿ ದುಡಿದರೇ ಸಾಲ ತೀರುವುದು. ಅಂಥ ಒಂದು ಸಂಸಾರದಲ್ಲಿ ಹೆಂಡತಿಗೆ ಗರ್ಭಕೋಶದ ತೊಂದರೆ ಕಾಣಿಸಿತೆಂದು ಭಾವಿಸೋಣ. ಹೊಟ್ಟೆನೋವಿಗೆ ಮೊದಲು ಊರಿನ 'ಡಾಕ್ಟರ'ರ ಸೂಜಿ. ನಂತರ ತಾಲ್ಲೂಕಿನ ದವಾಖಾನೆ. ಅಲ್ಲಿ ಸ್ಕ್ಯಾನಿಂಗಿಗೆ ಹೊರಗೆ ಚೀಟಿ. ಕೊನೆಗೆ ಕಲಬುರಗಿಯೋ ಸೊಲ್ಲಾಪುರವೋ ಎಂಬ ಚರ್ಚೆ. ಇಷ್ಟರಲ್ಲಿ ಹತ್ತು ದಿನದ ಕೂಲಿ ಹೋಯಿತು, ಎಮ್ಮೆ ಮಾರಾಟವಾಯಿತು, ಸಾವಕಾರನ ಪುಸ್ತಕದಲ್ಲಿ ಹೊಸ ಪುಟ ತೆರೆಯಿತು. ಶಸ್ತ್ರಚಿಕಿತ್ಸೆ ಇನ್ನೂ ಆಗಿಯೇ ಇಲ್ಲ.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಅಫಜಲಪುರ, ಆಳಂದ, ಜೇವರ್ಗಿ ಮೂರೂ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಸಂವಿಧಾನಕ್ಕೆ 371(ಜೆ) ಸೇರಿತು, ಹಣ ಬಂತು, ಕಟ್ಟಡಗಳೂ ಎದ್ದವು. ಇಂದು ಕಲಬುರಗಿ ನಗರದಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ, 1963ರ ಎಂ. ಆರ್. ಮೆಡಿಕಲ್ ಕಾಲೇಜು ಹಿರಿಯದು, ಸರ್ಕಾರದ ಜಿಮ್ಸ್ ಈಚಿನದು. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು. ಇವು ಸಣ್ಣ ಸಂಗತಿಗಳಲ್ಲ. ಎದೆನೋವಿಗೆ ಹೈದರಾಬಾದಿಗೆ ಓಡುತ್ತಿದ್ದವರಿಗೆ ಅದರ ಬೆಲೆ ಗೊತ್ತು. ಆದರೆ ವೈದ್ಯರೆಲ್ಲ ನಗರದಲ್ಲಿ ನೆಲೆಸಿ, ರೋಗಿಗಳು ಭೀಮೆಯ ದಂಡೆಯಲ್ಲಿ ಉಳಿದರೆ, ನಡುವಣ ದಾರಿಯೇ ಒಂದು ಖರ್ಚು.

ಕರಾವಳಿಯಲ್ಲಿ ಬಂಧುಗಳುಳ್ಳ ನಮ್ಮ ಓದುಗರು ಮಂಗಳೂರಿನ ಆಸ್ಪತ್ರೆಗಳನ್ನು ಹೊಗಳುತ್ತಾರೆ, ತಪ್ಪೇನಿಲ್ಲ. ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಔಷಧ ಹಂಚಲು ತೊಡಗಿದಾಗ ನಮ್ಮ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು. 1948ರವರೆಗೂ ಹಾಗೆಯೇ ಇತ್ತು. ಇಂದು ದಕ್ಷಿಣ ಕನ್ನಡದ ತಲಾ ಆದಾಯ ಕಲಬುರಗಿಯದಕ್ಕಿಂತ ಸುಮಾರು ಮೂರು ಪಟ್ಟಿಗೂ ಮಿಗಿಲು. ಅಮೆರಿಕ, ಪೋಲೆಂಡುಗಳ ಅಂತರ ನಮ್ಮ ಒಂದೇ ರಾಜ್ಯದೊಳಗೂ ಇದೆಯೆಂದಾಯಿತು. ಆದರೆ ಇಲ್ಲಿ ಬಡಭಾಗಕ್ಕೆ ಪೋಲೆಂಡಿನಂಥ ಸಾಮಾನ್ಯ ನಿಧಿ ಬಹುಕಾಲ ಇರಲಿಲ್ಲ.

ಇರಲಿಲ್ಲವೆಂದು ಪೂರ್ತಿ ಹೇಳುವಂತೆಯೂ ಇಲ್ಲ. 2003ರಲ್ಲಿ ಕರ್ನಾಟಕದ ಸಹಕಾರಿ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆ, ಸಹಕಾರ ಇಲಾಖೆಯ ಜಾಲ. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60; ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಗ್ದಾನ್ಸ್ಕಿನ ಕಾರ್ಮಿಕ ಬೇಡಿದ್ದನ್ನು ನಮ್ಮ ಹಾಲಿನ ಸೊಸೈಟಿಯ ಸದಸ್ಯ ತನ್ನ ಐದು ರೂಪಾಯಿಯಿಂದ ಕಟ್ಟಿಕೊಂಡ ಎಂದರೆ ಉತ್ಪ್ರೇಕ್ಷೆಯಾಗದು. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು, 2022ರ ಕೊನೆಗೆ ಮತ್ತೆ ಪ್ರತ್ಯೇಕವಾಗಿ ಚಾಲನೆ ಪಡೆಯಿತು. ಹೊಸ ರೂಪದಲ್ಲಿ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ. ಇತ್ತ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ರಕ್ಷಣೆ ನೀಡುತ್ತದೆ. ಎಪಿಎಲ್ ಆದರೆ ನಿಗದಿತ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ.

ಇವುಗಳಿಂದ ಬದಲಾವಣೆ ಆಗಿದೆ. ದೇಶದ ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಜೇಬಿನಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದುದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆಯೆಂದು ಕೇಂದ್ರ ಸರ್ಕಾರದ ಲೆಕ್ಕಪತ್ರ ಹೇಳುತ್ತದೆ. ಆದರೂ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವನ ಕೈ ಹಿಡಿಯುತ್ತದೆ, ಶಸ್ತ್ರಚಿಕಿತ್ಸೆಯ ಖರ್ಚು ಹೊರುತ್ತದೆ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ದಿನವೂ ನುಂಗುವ ಗುಳಿಗೆ, ಜೊತೆಗೆ ಬಂದವರ ಊಟ, ಬಸ್ಸಿನ ಚಾರ್ಜು, ಹೋದ ಕೂಲಿ ಇವುಗಳಿಗೆ ಅದರಲ್ಲಿ ಜಾಗವಿಲ್ಲ. ಸಂತ ಲೂಕರು ಹೇಳಿದ ಸಮಾರ್ಯದವನ ಸಾಮತಿಯಲ್ಲಿ ಛತ್ರದವನ ಖರ್ಚು ಪ್ರತ್ಯೇಕವಾಗಿ ನಮೂದಾಗಿದೆ: ಎರಡು ನಾಣ್ಯ ಈಗ, ಹೆಚ್ಚಾದರೆ ಹಿಂದಿರುಗುವಾಗ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದಲ್ಲಿಗೆ ಚಿಕಿತ್ಸೆ ಮುಗಿಯಲಿಲ್ಲವೆಂಬುದು ಆ ಕಥೆಗೆ ಗೊತ್ತಿತ್ತು; ನಮ್ಮ ಯೋಜನೆಗಳಿಗೆ ಇನ್ನೂ ಗೊತ್ತಾಗಬೇಕಿದೆ.

ಗಡಿಯ ಪ್ರಶ್ನೆಯೂ ಇದೆ. ಆಳಂದ, ಅಫಜಲಪುರದವರಿಗೆ ಸೊಲ್ಲಾಪುರ ಪರನಾಡೆಂದು ಎಂದೂ ಅನಿಸಿಲ್ಲ. ಅಕ್ಕಲಕೋಟೆ ದಾಟುವವರೆಗೂ ಕನ್ನಡವೇ ಕಿವಿಗೆ ಬೀಳುತ್ತದೆ. ರೋಗಿಗೆ ರಾಜ್ಯದ ಗೆರೆ ಕಾಣದು, ಕಾರ್ಡಿಗೆ ಕಾಣುತ್ತದೆ. ಗಡಿ ವಿವಾದದ 865 ಹಳ್ಳಿಗಳಿಗೆ ತನ್ನ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯನ್ನು ವಿಸ್ತರಿಸುವುದಾಗಿ ಮಹಾರಾಷ್ಟ್ರ 2023ರಲ್ಲಿ ಘೋಷಿಸಿದಾಗ ಕರ್ನಾಟಕ ಪ್ರತಿಭಟಿಸಿತು. ರಾಜಕೀಯವಾಗಿ ಎರಡೂ ಕಡೆಯವರಿಗೆ ತಮ್ಮ ತಮ್ಮ ಕಾರಣಗಳಿದ್ದವು. ಹೊಟ್ಟೆನೋವಿನಿಂದ ನರಳುವವಳಿಗೆ ಎರಡು ಸರ್ಕಾರಗಳು ಒಂದು ಒಪ್ಪಂದಕ್ಕೆ ಬಂದಿದ್ದರೆ ಸಾಕಿತ್ತು.

ಸರ್ಕಾರಕ್ಕೆ ಬುದ್ಧಿ ಹೇಳುವುದು ಸುಲಭ. ಧರ್ಮಸಭೆಯೂ ಆಸ್ಪತ್ರೆಗಳನ್ನು ನಡೆಸುತ್ತದೆ; ಭಾರತದ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದು ಹಿಂದುಳಿದ ಪ್ರದೇಶಗಳಿಗೆ ವೈದ್ಯರನ್ನು ಕೊಡಬೇಕೆಂಬ ಕಾಳಜಿಯಿಂದ. 2005ರಲ್ಲಿ ರೂಪುಗೊಂಡ ನಮ್ಮ ಧರ್ಮಕ್ಷೇತ್ರ ಚಿಕ್ಕದು, ಬಡದು. ಇಲ್ಲಿನ ಹಳ್ಳಿಗಳಲ್ಲಿ ಔಷಧಪೆಟ್ಟಿಗೆ ಹಿಡಿದು ತಿರುಗುವ ಧರ್ಮಭಗಿನಿಯರ ಸೇವೆ ಯಾವ ಅಂಕಿಅಂಶದಲ್ಲೂ ಕಾಣಿಸದು. ಆದರೆ ದೊಡ್ಡ ನಗರಗಳ ಕಥೋಲಿಕ ಆಸ್ಪತ್ರೆಗಳ ಬಿಲ್ಲು ಪಕ್ಕದ ಖಾಸಗಿ ಆಸ್ಪತ್ರೆಯ ಬಿಲ್ಲಿಗಿಂತ ಎಷ್ಟು ಭಿನ್ನವಾಗಿದೆಯೆಂದು ಕೇಳುವ ಹಕ್ಕು ವಿಶ್ವಾಸಿಗಳಿಗಿದೆ. ಆಧುನಿಕ ಯಂತ್ರ, ಸಿಬ್ಬಂದಿಯ ಸಂಬಳ ಇವೆಲ್ಲ ನಿಜ. ಪ್ರಶ್ನೆಯೂ ಅಷ್ಟೇ ನಿಜ.

ಈ ನಡುವೆ ಪ್ರತಿ ಕುಟುಂಬ ತನ್ನ ಮಟ್ಟದಲ್ಲಿ ಮಾಡಬಹುದಾದ ಕೆಲಸವೊಂದಿದೆ. ಕಾರ್ಡು ಮಾಡಿಸುವುದು ಕಾಯಿಲೆ ಬಿದ್ದ ರಾತ್ರಿಯಲ್ಲಲ್ಲ. ಪಡಿತರ ಚೀಟಿಯಲ್ಲಿ ಹೊಸ ಸೊಸೆಯ, ಹುಟ್ಟಿದ ಕೂಸಿನ ಹೆಸರು ಸೇರಿದೆಯೇ, ಆಧಾರಿನಲ್ಲಿರುವ ಹೆಸರಿಗೂ ಅದಕ್ಕೂ ಹೊಂದಿಕೆಯಿದೆಯೇ ಎಂದು ಈಗಲೇ ನೋಡಬೇಕು. ಯಶಸ್ವಿನಿಗೆ ಸಹಕಾರ ಸಂಘದ ಅಥವಾ ಸ್ವಸಹಾಯ ಸಂಘದ ಸದಸ್ಯತ್ವ ಬೇಕು, ನೋಂದಣಿಗೆ ಗಡುವು ಇರುತ್ತದೆ. ಕಬ್ಬಿನ ಹಂಗಾಮಿಗೆ, ಪುಣೆ ಮುಂಬಯಿಗಳ ಕೂಲಿಗೆ ಊರು ಬಿಟ್ಟವರಿಗೆ ಆ ಗಡುವು ತಪ್ಪಿಹೋಗುತ್ತದೆ. ಊರಲ್ಲಿ ಉಳಿದ ಹಿರಿಯರೊಬ್ಬರು ಅವರ ಕಾಗದಪತ್ರದ ನಕಲು ಇಟ್ಟುಕೊಂಡು, ಐನೂರು ರೂಪಾಯಿ ಕಟ್ಟಿ ರಸೀದಿ ಪಡೆಯಬಹುದೇ ಎಂದು ಸಂಘದ ಕಾರ್ಯದರ್ಶಿಯನ್ನು ವಿಚಾರಿಸಿಡಲಿ. ಕಟ್ಟಲು ಕೈಸಾಗದ ಮನೆಗಳ ಪಟ್ಟಿಯನ್ನು ಭಾನುವಾರದ ಬಲಿಪೂಜೆಯ ನಂತರ ಧರ್ಮಕೇಂದ್ರದ ಸಮಿತಿಗೆ ಕೊಟ್ಟರೆ, ಹಬ್ಬದ ದೀಪಾಲಂಕಾರದ ಲೆಕ್ಕದಿಂದ ಅಷ್ಟು ಹಣ ಹೊಂದಿಸುವುದು ಕಷ್ಟವಾಗಲಾರದು.