ಬಹುಜನರು ಬಳಸುವ ಲೆಕ್ಕಪತ್ರದ ಕಡತಗಳು ಮತ್ತು ಲಿನಕ್ಸ್ ಸರ್ವರು

ಲೆಕ್ಕಪತ್ರಗಳು ಕಾಗದದ ಪುಸ್ತಕಗಳಲ್ಲಿದ್ದ ಕಾಲದಲ್ಲಿ ಒಂದೇ ಖಿರ್ದಿಯನ್ನು ಇಬ್ಬರು ಏಕಕಾಲದಲ್ಲಿ ಬರೆಯುವ ಪ್ರಸಂಗವೇ ಒದಗುತ್ತಿರಲಿಲ್ಲ. ಪುಸ್ತಕವು ಯಾವ ಗುಮಾಸ್ತನ ಮುಂದಿರುವುದೋ ಅವನೊಬ್ಬನೇ ಅದರಲ್ಲಿ ಬರೆಯಬಲ್ಲವನಾಗಿದ್ದನು. ಗಣಕಯಂತ್ರಗಳ ಜಾಲದಲ್ಲಿ ಈ ಸಹಜವಾದ ಕಟ್ಟುಪಾಡು ಇರುವುದಿಲ್ಲ. ನಗದು ಶಿಲ್ಕು 10,000 ರೂಪಾಯಿ ಇರುವಾಗ ಒಬ್ಬನು 2,000 ರೂಪಾಯಿ ಖರ್ಚನ್ನೂ ಮತ್ತೊಬ್ಬನು 3,000 ರೂಪಾಯಿ ಜಮೆಯನ್ನೂ ಒಮ್ಮೆಲೇ ಬರೆದರೆಂದು ಭಾವಿಸೋಣ. ಉಳಿಯಬೇಕಾದ ಶಿಲ್ಕು 11,000. ಆದರೆ ಇಬ್ಬರೂ ಹಳೆಯ ಶಿಲ್ಕನ್ನೇ ಓದಿಕೊಂಡು ಬರೆದಿದ್ದರೆ, ಕಡೆಯಲ್ಲಿ ಬರೆದವನ ಅಂಕಿ ಮಾತ್ರ ನಿಂತು 8,000 ಅಥವಾ 13,000 ಆಗುವುದು. ಆದುದರಿಂದ ಇಂಥ ಕಡತಗಳನ್ನು ಸರ್ವರಿನಲ್ಲಿ ಇರಿಸುವಾಗ ಮೊದಲು ವಿಚಾರಿಸತಕ್ಕದ್ದು, ಬರೆಯುವ ಅಧಿಕಾರವು ಯಾವ ಗಳಿಗೆಯಲ್ಲಿ ಯಾರ ವಶದಲ್ಲಿರುತ್ತದೆ ಎಂಬ ವಿಷಯವನ್ನು.

ಲೆಕ್ಕಪತ್ರದ ತಂತ್ರಾಂಶಗಳಲ್ಲಿ ಅನೇಕವು ವಿಂಡೋಸ್ ಗಣಕಗಳಿಗಾಗಿ ರಚಿತವಾದುವು. ಲಿನಕ್ಸ್ ಸರ್ವರಿನ ಫೋಲ್ಡರನ್ನು ಆ ಗಣಕಗಳಿಗೆ ತೆರೆದುಕೊಡುವ ಕಾರ್ಯವನ್ನು ಸಾಂಬಾ ಎಂಬ ತಂತ್ರಾಂಶವು ನಿರ್ವಹಿಸುತ್ತದೆ. ಕ್ಯಾನ್ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್ ಅವರು 1992ರಲ್ಲಿ ಇದರ ಮೊದಲ ರೂಪವನ್ನು ಹೊರತಂದರು. ವಿಂಡೋಸ್ ಗಣಕಗಳು ಕಡತ ಕೇಳುವ ಎಸ್‌ಎಂಬಿ ಎಂಬ ನಿಯಮಾವಳಿಗೆ ಅನುಸಾರವಾಗಿ ಸಾಂಬಾ ಉತ್ತರ ಕೊಡುವುದರಿಂದ, ಬಳಸುವವರಿಗೆ ಸರ್ವರಿನ ಜಾತಿ ಯಾವುದೆಂಬುದು ತಿಳಿಯಬೇಕಾಗಿಯೇ ಇಲ್ಲ.

ಹೀಗೆ ಹಂಚಿದ ಕಡತಗಳಲ್ಲಿ ಎರಡು ವಿಧದ ಬೀಗಗಳಿವೆ. ಕಡತದ ಒಂದು ಭಾಗವನ್ನು ಒಬ್ಬನು ತಿದ್ದುತ್ತಿರುವಾಗ ಅದೇ ಭಾಗಕ್ಕೆ ಇತರರು ಕೈಹಾಕದಂತೆ ತಡೆಯುವುದು ಮೊದಲನೆಯದು. ಎರಡನೆಯದಾದ ಆಪ್‌ಲಾಕ್ ವೇಗಕ್ಕಾಗಿ ಉಂಟಾದದ್ದು. ಕಡತವನ್ನು ಬೇರಾರೂ ತೆರೆದಿಲ್ಲವೆಂದು ಕಂಡಾಗ, ಬದಲಾವಣೆಗಳನ್ನು ತನ್ನ ಸ್ಮೃತಿಯಲ್ಲಿಯೇ ಇರಿಸಿಕೊಂಡು ಸಾವಕಾಶವಾಗಿ ಕಳುಹಿಸಲು ಸರ್ವರು ಒಂದು ಗಣಕಕ್ಕೆ ಅನುಮತಿ ಕೊಡುತ್ತದೆ. ಮತ್ತೊಬ್ಬನು ತೆರೆಯಲು ಬಂದೊಡನೆ ಆ ಅನುಮತಿಯನ್ನು ಹಿಂದಕ್ಕೆ ಪಡೆಯುತ್ತದೆ. ಅಷ್ಟರಲ್ಲಿ ಜಾಲದ ತಂತಿ ಕಳಚಿದರೆ, ಇಲ್ಲವೆ ವಿದ್ಯುತ್ತು ನಿಂತರೆ, ಸ್ಮೃತಿಯಲ್ಲಿದ್ದ ನಮೂದುಗಳು ಸರ್ವರನ್ನು ಮುಟ್ಟುವುದೇ ಇಲ್ಲ. ಹಲವರು ಬರೆಯುವ ಲೆಕ್ಕದ ಫೋಲ್ಡರಿಗೆ ಮಾತ್ರ ಈ ಸೌಲಭ್ಯವನ್ನು ಸಾಂಬಾದಲ್ಲಿ ರದ್ದುಪಡಿಸುವುದು ಕ್ಷೇಮಕರ. ವೇಗವು ಕೊಂಚ ಕುಗ್ಗಿದರೂ ಲೆಕ್ಕವು ಉಳಿಯುತ್ತದೆ.

ಇದಕ್ಕಿಂತ ಭದ್ರವಾದ ಇನ್ನೊಂದು ಕ್ರಮವುಂಟು. ಅಮೆರಿಕದ ಇಂಟ್ಯೂಯಿಟ್ ಸಂಸ್ಥೆಯು ತನ್ನ ಕ್ವಿಕ್‌ಬುಕ್ಸ್ ಎಂಟರ್‌ಪ್ರೈಸ್ ತಂತ್ರಾಂಶಕ್ಕೆ ಲಿನಕ್ಸ್ ಸರ್ವರಿನ ಮೇಲೆ ನಡೆಯುವ ದತ್ತಸಂಚಯದ ಕಾರ್ಯಕ್ರಮವೊಂದನ್ನು ಒದಗಿಸಿದುದು ಇದಕ್ಕೆ ನಿದರ್ಶನ. ಇಲ್ಲಿ ಸಾಂಬಾ ಕಡತದ ಸ್ಥಳವನ್ನು ತೋರಿಸುವುದು. ಆದರೆ ಬರವಣಿಗೆಯೆಲ್ಲ ಸರ್ವರಿನೊಳಗಿನ ದತ್ತಸಂಚಯ ಯಂತ್ರದ ಮೂಲಕವೇ ಸಾಗುವುದು. ಫೋಲ್ಡರನ್ನು ಕಾಯುತ್ತಿರುವ ಕಾರ್ಯಕ್ರಮವು ಪ್ರತಿಯೊಂದು ಲೆಕ್ಕದ ಕಡತದ ಪಕ್ಕದಲ್ಲಿ ‘ಎನ್‌ಡಿ’ ಎಂಬ ಅಂತ್ಯವುಳ್ಳ ಪುಟ್ಟ ಕಡತವನ್ನು ಇರಿಸುತ್ತದೆ. ಸರ್ವರಿನ ವಿಳಾಸವನ್ನು ಬಳಸುವವರ ಗಣಕವು ಅದರಿಂದ ಅರಿಯುತ್ತದೆ. ಕಡತವು ಕಣ್ಣಿಗೆ ಕಾಣಿಸಿದರೂ ಹಲವರು ಕೂಡಿ ತೆರೆಯಲಾಗದಿದ್ದರೆ, ಫೈರ್‌ವಾಲ್ ಈ ಎರಡನೆಯ ದಾರಿಯನ್ನು ಮುಚ್ಚಿದೆಯೇ ಎಂದು ಮೊದಲು ನೋಡತಕ್ಕದ್ದು. ಬಳಸುವವರಿಗೂ ದತ್ತಸಂಚಯದ ಕಾರ್ಯಕ್ರಮಕ್ಕೂ ಓದುವ ಮತ್ತು ಬರೆಯುವ ಹಕ್ಕು ಇರಬೇಕು. ಅದಕ್ಕಾಗಿ ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿ, ಹೊಸ ಕಡತಗಳು ಆ ಗುಂಪಿಗೇ ಸೇರುವಂತೆ ಫೋಲ್ಡರನ್ನು ಅಣಿಗೊಳಿಸಬೇಕು.

ಪ್ರತಿ ತೆಗೆದಿಡುವ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅವಶ್ಯಕ. ಲಿನಕ್ಸಿನಲ್ಲಿ ಬೀಗಗಳು ಸಾಮಾನ್ಯವಾಗಿ ಸಲಹಾರೂಪದವು. ಅವನ್ನು ವಿಚಾರಿಸದ ಕಾರ್ಯಕ್ರಮವನ್ನು ಅವು ತಡೆಯಲಾರವು. ಕೆಲಸ ನಡೆಯುತ್ತಿರುವಾಗ ಸರ್ವರಿನಲ್ಲಿ ನೇರವಾಗಿ ನಕಲು ತೆಗೆದರೆ, ಅದರ ಅರ್ಧ ಭಾಗವು ನಮೂದಿಗೆ ಮುಂಚಿನದೂ ಉಳಿದರ್ಧವು ಅನಂತರದ್ದೂ ಆಗಬಹುದು. ತಂತ್ರಾಂಶವೇ ಒದಗಿಸುವ ವಿಧಾನದಿಂದ ಪ್ರತಿ ತೆಗೆಯಬೇಕು. ಇಲ್ಲವೆ ಎಲ್ಲರೂ ಹೊರಬಂದು, ದತ್ತಸಂಚಯದ ಕಾರ್ಯಕ್ರಮವನ್ನು ನಿಲ್ಲಿಸಿದ ಬಳಿಕ, ಲೆಕ್ಕದ ಕಡತವನ್ನೂ ಅದರ ವ್ಯವಹಾರಗಳ ದಾಖಲೆಯನ್ನೂ ಜೊತೆಯಾಗಿ ನಕಲು ಮಾಡಬೇಕು.

ತೆಗೆದ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆದು ಪರೀಕ್ಷಿಸುವುದೂ ಕರ್ತವ್ಯದ ಭಾಗವೇ. ತಾಳೆಪಟ್ಟಿಯು ಸರಿಹೊಂದಿತೆಂದು ಅಷ್ಟಕ್ಕೇ ತೃಪ್ತರಾಗಲಾಗದು. ಒಂದು ವೋಚರು ಸಂಪೂರ್ಣವಾಗಿ ಕಾಣೆಯಾದರೆ ಅದರ ಜಮೆಯೂ ಖರ್ಚೂ ಒಟ್ಟಿಗೆ ಹೋಗುವುದರಿಂದ ತಾಳೆಪಟ್ಟಿಯಲ್ಲಿ ಆ ಲೋಪವು ಗೋಚರಿಸುವುದಿಲ್ಲ. ಆದುದರಿಂದ ವೋಚರುಗಳ ಕ್ರಮಸಂಖ್ಯೆಯನ್ನೂ ಆ ದಿನದ ನಗದು ಶಿಲ್ಕನ್ನೂ ಮೂಲದೊಡನೆ ಹೋಲಿಸಿ ನೋಡಿದ ಮೇಲೆಯೇ ಪ್ರತಿಯನ್ನು ನಂಬತಕ್ಕದ್ದು.