ವೈಟ್‌ಫೀಲ್ಡಿನ ತಗ್ಗು ಗಾಡಿ

ವೈಟ್‌ಫೀಲ್ಡ್ ರೈಲು ನಿಲ್ದಾಣದಲ್ಲಿ ಲೋಕಲ್ ರೈಲಿಗೆ ಕಾಯುವವರಿಗೆ ಕಂಟೇನರ್ ಗಾಡಿ ಹೊಸದೇನಲ್ಲ. ಪಕ್ಕದಲ್ಲೇ ಕಾಂಕರ್ ಸಂಸ್ಥೆಯ ಒಳನಾಡು ಕಂಟೇನರ್ ಡಿಪೊ ಇದೆ. ಚೆನ್ನೈ ಬಂದರಿಗೂ ಇಲ್ಲಿಗೂ ಕೆಂಪು, ನೀಲಿ, ಹಸಿರು ಡಬ್ಬಿಗಳು ಓಡಾಡುತ್ತಲೇ ಇರುತ್ತವೆ. ಎಲ್ಲರ ಕಣ್ಣೂ ಡಬ್ಬಿಗಳ ಮೇಲೆ. ಒಮ್ಮೆ ಅವುಗಳ ಕೆಳಗೆ ನೋಡಿ. ಪಕ್ಕದ ಹಳಿಯಲ್ಲಿ ಸಿಮೆಂಟು ತಂದ ಮುಚ್ಚಿದ ವ್ಯಾಗನ್ ನಿಂತಿದ್ದರೆ ಇನ್ನೂ ಒಳ್ಳೆಯದು. ಕಂಟೇನರ್ ಗಾಡಿಯ ಚಕ್ರ ಚಿಕ್ಕದು.

ನನಗೆ ಇದು ತಿಳಿದದ್ದು ಮಾದರಿ ಕಟ್ಟುವಾಗ. ಎಚ್‌ಒ ಅಳತೆ, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಕೈಗೆ ಸಿಕ್ಕ ಸಾಮಾನ್ಯ ಗೂಡ್ಸ್ ಚಕ್ರಗಳನ್ನೇ ಹಾಕಿ, ಬಣ್ಣ ಬಳಿದು, ಡಬ್ಬಿ ಕೂರಿಸಿ ದೂರ ನಿಂತು ನೋಡಿದೆ. ಗಾಡಿ ತುದಿಗಾಲಲ್ಲಿ ನಿಂತಂತೆ ಕಂಡಿತು. ಎಲ್ಲಿ ತಪ್ಪಿದೆ ಎಂದು ಹುಡುಕಲು ಹೋಗಿಯೇ ಇಡೀ ಯಂತ್ರ ಅರ್ಥವಾದದ್ದು.

ನಮ್ಮ ಬ್ರಾಡ್‌ಗೇಜ್ ವ್ಯಾಗನ್ನಿನ ಹೊಸ ಚಕ್ರದ ವ್ಯಾಸ ಸಾಮಾನ್ಯವಾಗಿ 1000 ಮಿಲಿಮೀಟರ್. ಬಿಎಲ್‌ಸಿ ಎಂಬ ಈ ಕಂಟೇನರ್ ವ್ಯಾಗನ್ನಿನದು 840. ಕಾರಣ ಇರುವುದು ಮೇಲೆ. ಹಳಿಯ ಮೇಲೆ ಹೋಗುವ ಯಾವುದೇ ವಸ್ತು ಒಂದು ನಿಗದಿತ ಚೌಕಟ್ಟಿನೊಳಗೆ ಇರಬೇಕು. ಇಲ್ಲದಿದ್ದರೆ ಸೇತುವೆಯ ಕಮಾನಿಗೋ ಸುರಂಗದ ಗೋಡೆಗೋ ತಾಗುತ್ತದೆ. ಆ ಚೌಕಟ್ಟು ನಡುವೆ ಎತ್ತರ, ಅಂಚುಗಳಲ್ಲಿ ತಗ್ಗು. ಪ್ರಯಾಣಿಕರ ಗಾಡಿಯ ಚಾವಣಿ ಬಾಗಿರುವುದರಿಂದ ಅದಕ್ಕೆ ತೊಂದರೆಯಿಲ್ಲ. ಕಂಟೇನರಿಗೆ ಬಾಗು ಎಲ್ಲಿದೆ? ಅದು ಚೌಕ ಪೆಟ್ಟಿಗೆ, ಮೊದಲು ತಾಗುವುದೇ ಮೂಲೆ. ಎತ್ತರದ ಡಬ್ಬಿ 2896 ಮಿಲಿಮೀಟರ್ ಇರುತ್ತದೆ. ಹಡಗು, ಲಾರಿ, ಕ್ರೇನುಗಳೆಲ್ಲ ಒಪ್ಪಿಕೊಂಡ ಅಳತೆ ಅದು, ನಮ್ಮ ರೈಲಿಗೆಂದು ಬದಲಾಗುವುದಿಲ್ಲ. ಆದ್ದರಿಂದ ಗಾಡಿಯೇ ತಗ್ಗಬೇಕಾಯಿತು. ಬಿಎಲ್‌ಸಿಯ ಹಾಸು ಹಳಿಯಿಂದ 1009 ಮಿಲಿಮೀಟರ್ ಎತ್ತರದಲ್ಲಿದೆ, ಸಾಮಾನ್ಯ ವ್ಯಾಗನ್ನಿಗಿಂತ ಸುಮಾರು ಕಾಲು ಮೀಟರ್ ಕೆಳಗೆ.

ಈ ತಗ್ಗಿಗೆ ಬೆಲೆಯೂ ಇದೆ. ಒಂದು ಕಿಲೋಮೀಟರ್ ದಾಟಲು ದೊಡ್ಡ ಚಕ್ರ ಸುಮಾರು 318 ಸುತ್ತು ತಿರುಗಿದರೆ ಚಿಕ್ಕದು 379 ಸುತ್ತು ತಿರುಗಬೇಕು. ಚಕ್ರ ಚಿಕ್ಕದಾದಷ್ಟೂ ಹಳಿಯನ್ನು ಮುಟ್ಟುವ ಜಾಗ ಕಿರಿದು. ಅಷ್ಟೇ ಭಾರ ಕಡಿಮೆ ಉಕ್ಕಿನ ಮೇಲೆ ಬೀಳುತ್ತದೆ.

ಮಾದರಿಯಲ್ಲಿ 1000 ಎಂಬುದು 11.5 ಮಿಲಿಮೀಟರ್ ಆಗುತ್ತದೆ, 840 ಎಂಬುದು 9.7. ಎರಡು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸ, ಆದರೂ ಕಣ್ಣು ಹಿಡಿದುಬಿಡುತ್ತದೆ. ಸಂತೋಷದ ಸಂಗತಿಯೆಂದರೆ ಅಮೆರಿಕದ ಗೂಡ್ಸ್ ಗಾಡಿಗಳ 33 ಅಂಗುಲದ ಚಕ್ರ 838 ಮಿಲಿಮೀಟರ್. ಅದರ ಎಚ್‌ಒ ಮಾದರಿ ಸುಲಭವಾಗಿ ಸಿಗುತ್ತದೆ, ಬಿಎಲ್‌ಸಿಗೆ ಅದೇ ಸರಿ.

ಇಲ್ಲಿ ಒಂದು ಮಾತಿನ ತೊಡಕಿದೆ. ನಾವು ಬೋಗಿ ಎನ್ನುವುದು ಇಡೀ ಗಾಡಿಗೆ. ಎಂಜಿನಿಯರರಿಗೆ ಬೋಗಿ ಎಂದರೆ ಎರಡು ಅಚ್ಚು, ನಾಲ್ಕು ಚಕ್ರಗಳನ್ನು ಹಿಡಿದಿರುವ ಕೆಳಗಿನ ಚೌಕಟ್ಟು ಮಾತ್ರ. ಕಲ್ಲಿದ್ದಲಿನ ಬಾಕ್ಸ್‌ಎನ್ ವ್ಯಾಗನ್ನಿಗೆ ಕ್ಯಾಸ್‌ನಬ್ ಬೋಗಿ, ಬಿಎಲ್‌ಸಿಗೆ ಬೇರೆಯೇ ತಗ್ಗು ಬೋಗಿ. ಕ್ಯಾಸ್‌ನಬ್‌ಅನ್ನೇ ಎಲ್ಲದರ ಕೆಳಗೂ ಹಾಕುವುದು ಮಾದರಿಕಾರರು ಮತ್ತೆ ಮತ್ತೆ ಮಾಡುವ ತಪ್ಪು.

ಇನ್ನೊಂದು ತಪ್ಪು ಕೊಂಡಿಗಳದ್ದು. ಬಿಎಲ್‌ಸಿ ಒಂಟಿ ಗಾಡಿಯಲ್ಲ, ಐದರ ಗುಂಪು. ಎರಡು ತುದಿಗೆ ‘ಎ’ ಗಾಡಿ, ನಡುವೆ ಮೂರು ‘ಬಿ’ ಗಾಡಿ. ತಾನಾಗಿ ಕಚ್ಚಿಕೊಳ್ಳುವ ಕೊಂಡಿ ಇರುವುದು ಗುಂಪಿನ ಎರಡು ಹೊರತುದಿಗಳಲ್ಲಿ ಮಾತ್ರ. ಒಳಗೆಲ್ಲ ಸಡಿಲವಿಲ್ಲದ ಗಟ್ಟಿ ಸರಳು. 45 ಗಾಡಿಗಳ ರೈಲಿನಲ್ಲಿ ಪ್ರತಿ ಕೊಂಡಿಯೂ ಸ್ವಲ್ಪ ಸ್ವಲ್ಪ ಸಡಿಲಿದ್ದರೆ ಅದೆಲ್ಲ ಸೇರಿ ಕೊನೆಯ ಗಾಡಿಗೆ ಜೋರು ಏಟಾಗಿ ತಲುಪುತ್ತದೆ. ಒಳಗಿನ ಸರಕು ಅದನ್ನು ತಾಳಬೇಕಲ್ಲ. ಇನ್ನೂ ಸೊಗಸಾದ ವಿಷಯವೆಂದರೆ ನಮ್ಮ ಕೊಂಡಿಯ ಎತ್ತರ ಖಾಲಿ ಗಾಡಿಯಲ್ಲಿ 1105 ಮಿಲಿಮೀಟರ್‌ವರೆಗೆ ಇರುತ್ತದೆ, ಬಿಎಲ್‌ಸಿಯ ಹಾಸಿಗಿಂತ ಮೇಲೆ! ಎಂಜಿನ್ನಿಗೆ ಸೇರಬೇಕಾದರೆ ‘ಎ’ ಗಾಡಿ ತನ್ನ ಹೊರತುದಿಯಲ್ಲಿ ಮೇಲೆದ್ದು ಕೊಂಡಿಯನ್ನು ಎತ್ತಿ ಹಿಡಿಯಬೇಕು. ಅದಕ್ಕೇ ಅದು ‘ಬಿ’ಗಿಂತ ಉದ್ದ. ಐದನ್ನೂ ಒಂದೇ ಅಚ್ಚಿನಲ್ಲಿ ತೆಗೆದ ಮಾದರಿ ಎಷ್ಟೇ ನಯವಾಗಿರಲಿ, ನನಗೆ ಒಪ್ಪಿಗೆಯಾಗುವುದಿಲ್ಲ.

ಹಳಿಯ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಂಡಿದ್ದೇನೆ. ನಮ್ಮ 1676 ಮಿಲಿಮೀಟರ್ ಅಗಲ ಎಚ್‌ಒದಲ್ಲಿ 19.3 ಆಗಬೇಕು. ಅಂಗಡಿಯ ಹಳಿ ಯುರೋಪು, ಅಮೆರಿಕಗಳ 1435ಕ್ಕೆ ತಕ್ಕಂತೆ 16.5 ಮಾತ್ರ. ಎಲ್ಲ ಹಳಿಯನ್ನೂ ಕೈಯಾರೆ ಹಾಸುವ ತಾಳ್ಮೆ ಇರುವವರಿಗೆ ನನ್ನ ನಮಸ್ಕಾರ. ನನ್ನಂಥವರು ಚಕ್ರಗಳನ್ನು ಒಳಗೆ ಸರಿಸಿದರೂ ಬೋಗಿಯ ಪಕ್ಕದ ಚೌಕಟ್ಟುಗಳನ್ನು ಅಸಲಿನ ಅಗಲದಲ್ಲೇ ಉಳಿಸಿದರೆ ಪಕ್ಕದಿಂದ ನೋಡುವವರಿಗೆ ಗಾಡಿ ಗಟ್ಟಿಯಾಗಿಯೇ ನಿಂತಿರುತ್ತದೆ.

ಸಂಖ್ಯೆಯನ್ನೂ ಮನಸ್ಸಿಗೆ ಬಂದಂತೆ ಬರೆಯುವಂತಿಲ್ಲ. ವ್ಯಾಗನ್ ಸಂಖ್ಯೆಗೆ 11 ಅಂಕಿ: ಮೊದಲೆರಡು ಗಾಡಿಯ ಬಗೆ, ಮುಂದಿನೆರಡು ಒಡೆತನದ ರೈಲ್ವೆ, ಆಮೇಲಿನೆರಡು ತಯಾರಾದ ವರ್ಷ, ನಂತರದ ನಾಲ್ಕು ಅದರದೇ ಗುರುತು. ಕೊನೆಯದು ಕಾವಲು ಅಂಕಿ. ಸಮಸ್ಥಾನದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಿ, ಅದಕ್ಕೆ ಬೆಸಸ್ಥಾನದವನ್ನು ಸೇರಿಸಿ. ಮುಂದಿನ ಹತ್ತಕ್ಕೆ ಎಷ್ಟು ಕಡಿಮೆಯೋ ಅದೇ ಕಾವಲು. ಉದಾಹರಣೆಗೆ 6012090345 ಎಂಬ ಹತ್ತು ಅಂಕಿ ತೆಗೆದುಕೊಳ್ಳಿ. 19ರ ಮೂರರಷ್ಟು 57, ಜೊತೆಗೆ 11 ಸೇರಿ 68. ಕಾವಲು ಅಂಕಿ 2. ಬರೆಯುವವನು 3 ಮತ್ತು 4ನ್ನು ಅದಲುಬದಲು ಮಾಡಿದರೆ ಲೆಕ್ಕ 70ಕ್ಕೆ ಹೋಗಿ ಕಾವಲು 0 ಬರಬೇಕಾಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಬಿಸ್ಕತ್ ಪೊಟ್ಟಣದ ಬಾರ್‌ಕೋಡಿನೊಳಗಿರುವುದೂ ಇದೇ ಮೂರರ ಗುಣಾಕಾರ.

ಅಳತೆ ಹಿಡಿಯಲು ಹಳಿಗೆ ಇಳಿಯುವುದು ಬೇಡ, ಅದು ಅಪಾಯ, ಅಪರಾಧವೂ ಹೌದು. ಅಳತೆಗೋಲು ಗಾಡಿಯ ಮೇಲೆಯೇ ಕೂತಿದೆ. 20 ಅಡಿಯ ಡಬ್ಬಿ ಎಲ್ಲಿಯದೇ ಆಗಲಿ, 6058 ಮಿಲಿಮೀಟರ್ ಉದ್ದ. ಪ್ಲಾಟ್‌ಫಾರ್ಮಿನಿಂದ ಎದುರು ಹಳಿಯ ಗಾಡಿಯನ್ನು ದೂರದಿಂದ, ಓರೆಯಿಲ್ಲದೆ, ನೇರ ಪಕ್ಕದಿಂದ ಫೋಟೊ ತೆಗೆಯಿರಿ. ಮನೆಗೆ ಬಂದು ಚಕ್ರದ ವ್ಯಾಸವನ್ನು ಡಬ್ಬಿಯ ಉದ್ದಕ್ಕೆ ಒಂದರ ಪಕ್ಕ ಒಂದು ಇಟ್ಟು ಎಣಿಸಿ. ಆರಕ್ಕೇ ಮುಗಿದರೆ ಅದು ದೊಡ್ಡ ಚಕ್ರ. ಏಳು ಹಿಡಿದು ಇನ್ನೂ ಸ್ವಲ್ಪ ಜಾಗ ಉಳಿದರೆ 840.