ಕೆಮ್ಮಿನ ದಿನಗಣನೆ

ನಾಲ್ಕು ದಿನದ ಕೆಮ್ಮಿಗೆ ಔಷಧದಂಗಡಿಯ ಮುಂದೆ ನಿಂತು, ವೈದ್ಯರ ಚೀಟಿಯೂ ಇಲ್ಲದೆ, ‘ಸ್ವಲ್ಪ ಜೋರಾಗಿರೋ ಆ್ಯಂಟಿಬಯೋಟಿಕ್ಕೇ ಕೊಡಿ ಸಾರ್, ನಾಳಿದ್ದು ಊರಿಗೆ ಹೋಗಬೇಕು’ ಎಂದು ಒತ್ತಾಯಿಸುವ ಗೃಹಸ್ಥನೇ, ಆ ಊರಿನಲ್ಲಿ ತನ್ನ ತಾಯಿ ಇಪ್ಪತ್ತು ವರ್ಷಗಳಿಂದ ನಸುಕಿನಲ್ಲಿ ಹಿತ್ತಿಲಿಗೆ ಹೋಗಿ ಕೆಮ್ಮಿ ಕೆಮ್ಮಿ ಕಫ ಉಗುಳುವುದನ್ನು ಕೋಳಿ ಕೂಗುವುದರಷ್ಟೇ ಸಹಜವೆಂದು ಭಾವಿಸಿರುತ್ತಾನೆ. ಸಹನೆ ತೋರಬೇಕಾದೆಡೆ ಆತುರ, ಆತುರಪಡಬೇಕಾದೆಡೆ ಸಹನೆ: ಕೆಮ್ಮಿನ ವಿಷಯದಲ್ಲಿ ನಮ್ಮ ಸಮಾಜದ ನಡವಳಿಕೆ ಬಹುಮಟ್ಟಿಗೆ ಇದೇ. ಈ ವಿಪರ್ಯಾಸ ನೀಗಬೇಕಾದರೆ, ಹೆಸರು ಎಲ್ಲರಿಗೂ ಗೊತ್ತಿದ್ದು ಸ್ವರೂಪ ಅನೇಕರಿಗೆ ಗೊತ್ತಿಲ್ಲದ ಬ್ರಾಂಕೈಟಿಸ್ ಎಂಬ ವ್ಯಾಧಿಯ ಗತಿಯನ್ನು ತುಸು ನಿಧಾನವಾಗಿ ಅವಲೋಕಿಸಬೇಕಾಗುತ್ತದೆ.

ನಾವು ಒಳಗೆಳೆದುಕೊಂಡ ಉಸಿರು ಗಂಟಲನ್ನು ದಾಟಿ, ಕತ್ತಿನ ಮುಂಭಾಗದಲ್ಲಿ ಕೈಗೆ ತಗಲುವ ಶ್ವಾಸನಾಳದಲ್ಲಿ ಇಳಿದು, ಎದೆಯೊಳಗೆ ಮತ್ತೆ ಮತ್ತೆ ಕವಲೊಡೆಯುವ ನಳಿಕೆಗಳ ಮೂಲಕ ಪುಪ್ಪುಸದ ಗಾಳಿಗೂಡುಗಳನ್ನು ಸೇರುತ್ತದೆ. ಈ ನಳಿಕೆಗಳ ಒಳಮೈಯಲ್ಲಿ ತೆಳುವಾದ ಲೋಳೆಪೊರೆಯುಂಟು. ಅದರ ಮೇಲಿನ ಅತಿಸೂಕ್ಷ್ಮವಾದ ರೋಮಗಳು ಹಗಲಿರುಳೆನ್ನದೆ ಮೇಲ್ಮುಖವಾಗಿ ಬಡಿಯುತ್ತ, ಧೂಳನ್ನೂ ಕ್ರಿಮಿಗಳನ್ನೂ ಅಂಟಿಸಿಕೊಂಡ ಲೋಳೆಯನ್ನು ಗಂಟಲಿನತ್ತ ಸಾಗಿಸುತ್ತಿರುತ್ತವೆ. ಅದನ್ನು ನಾವು ಅರಿವಿಲ್ಲದೆಯೇ ನುಂಗಿಬಿಡುತ್ತೇವೆ. ವೈರಾಣುಗಳು ಈ ಪೊರೆಯನ್ನು ಹೊಕ್ಕಾಗ ಅದು ಕೆಂಪಾಗಿ ಊದಿಕೊಳ್ಳುತ್ತದೆ, ರೋಮಗಳು ಹಾಳಾಗುತ್ತವೆ, ಲೋಳೆ ಮಾತ್ರ ಹಿಂದಿಗಿಂತ ಹೆಚ್ಚಾಗಿ ಒಸರುತ್ತದೆ; ಹೀಗೆ ಸಾಗಣೆಯಿಲ್ಲದೆ ನಿಂತ ಕಫವನ್ನು ಹೊರಹಾಕಲು ಶರೀರಕ್ಕೆ ಉಳಿಯುವ ಉಪಾಯ ಕೆಮ್ಮೊಂದೇ. 1808ರಲ್ಲಿ ಚಾರ್ಲ್ಸ್ ಬ್ಯಾಡಂ ಎಂಬ ಆಂಗ್ಲ ವೈದ್ಯನು ನಳಿಕೆಗಳ ಈ ಉರಿಯೂತವನ್ನು ಎದೆಯ ಇತರ ರೋಗಗಳಿಂದ ಬೇರ್ಪಡಿಸಿ, ಈಗ ಬಳಕೆಯಲ್ಲಿರುವ ಹೆಸರನ್ನಿತ್ತು ವಿವರಿಸಿದನು.

ಅಲ್ಪಕಾಲದ ಬ್ರಾಂಕೈಟಿಸ್ ಸಾಮಾನ್ಯವಾಗಿ ನೆಗಡಿಯ ಬೆನ್ನಿಗೆ ಬರುತ್ತದೆ. ಮೊದಲ ಎರಡು ಮೂರು ದಿನ ಮೂಗು ಸುರಿದು, ಗಂಟಲು ಕೆರೆದು, ಮೈಕೈ ನೊಂದು, ಅಷ್ಟೂ ಇಳಿಯುತ್ತ ಬಂದಿತೆಂದು ಸಮಾಧಾನಪಡುವ ಹೊತ್ತಿಗೆ ಕೆಮ್ಮು ಎದೆಗಿಳಿಯುತ್ತದೆ. ಮೊದಲು ಒಣಗೆಮ್ಮು, ಬಳಿಕ ಕಫದ ಕೆಮ್ಮು, ಎದೆಮೂಳೆಯ ಹಿಂದೆ ತರಚಿದಂಥ ನೋವು, ಮಲಗಿದಾಗ ಗೊರಗೊರ ಸದ್ದು, ಕೆಲವರಲ್ಲಿ ತುಸು ಗೂರಲು. ಜ್ವರ ಬಂದರೂ ಸೌಮ್ಯವಾಗಿದ್ದು ಬೇಗ ಬಿಡುತ್ತದೆ, ಕೆಮ್ಮು ಬಿಡುವುದಿಲ್ಲ. ಕೆಮ್ಮು ಎಷ್ಟು ದಿನ ಇರುತ್ತದೆಂದು ನಿರೀಕ್ಷಿಸುವಿರೆಂದು ಅಮೆರಿಕದ ಸಂಶೋಧಕರು ಜನರನ್ನು ಕೇಳಿದಾಗ ಏಳರಿಂದ ಒಂಬತ್ತು ದಿನವೆಂಬ ಉತ್ತರ ಬಂದಿತು. ಹಿಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ಅವರು ಲೆಕ್ಕ ಹಾಕಿದಾಗ ನಿಜವಾದ ಸರಾಸರಿ ಸುಮಾರು 18 ದಿನವೆಂದು ತಿಳಿಯಿತು. 2013ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಪ್ರತಿಯೊಂದು ಔಷಧದಂಗಡಿಯ ಗೋಡೆಯ ಮೇಲೂ ಬರೆಸಿಡಬೇಕೆಂದು ನನಗನ್ನಿಸುವುದುಂಟು. ಏಕೆಂದರೆ ಎಂಟನೆಯ ದಿನವೂ ಕೆಮ್ಮು ನಿಲ್ಲದಿದ್ದಾಗ ರೋಗ ಉಲ್ಬಣಿಸಿತೆಂದು ಭಾವಿಸುವವನು ಹತ್ತನೆಯ ದಿನ ಆ್ಯಂಟಿಬಯೋಟಿಕ್ ನುಂಗತೊಡಗಿ, ತನ್ನಷ್ಟಕ್ಕೆ ತಾನೇ ಇಳಿಯಲಿದ್ದ ಕೆಮ್ಮು ಇಳಿದ ಯಶಸ್ಸನ್ನೆಲ್ಲ ಆ ಮಾತ್ರೆಗೆ ಅರ್ಪಿಸಿ, ಮುಂದಿನ ವರ್ಷ ಮೊದಲನೆಯ ದಿನವೇ ಅದನ್ನು ಹುಡುಕಿಕೊಂಡು ಹೊರಡುತ್ತಾನೆ.

ವಸ್ತುಸ್ಥಿತಿ ಇಷ್ಟು: ಹತ್ತರಲ್ಲಿ ಒಂಬತ್ತು ಪ್ರಸಂಗಗಳಲ್ಲಿ ಈ ರೋಗಕ್ಕೆ ವೈರಾಣುಗಳೇ ಕಾರಣ; ಆ್ಯಂಟಿಬಯೋಟಿಕ್‌ಗಳಾದರೋ ಬ್ಯಾಕ್ಟೀರಿಯಗಳನ್ನು ಮಾತ್ರ ಕೊಲ್ಲಬಲ್ಲವು. ಅವುಗಳನ್ನು ಪರೀಕ್ಷಿಸಿ ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದರೆ ಕೆಮ್ಮಿನ ಅವಧಿಯಲ್ಲಿ ದೊರೆಯುವ ಉಳಿತಾಯ ಸುಮಾರು ಅರ್ಧ ದಿನ. ಅದಕ್ಕೆ ತೆರಬೇಕಾದ ಬೆಲೆ ವಾಕರಿಕೆ, ಭೇದಿ, ಮೈಮೇಲೆ ಗಂಧೆ, ಎಲ್ಲಕ್ಕಿಂತ ಮಿಗಿಲಾಗಿ ಔಷಧಕ್ಕೆ ಬಗ್ಗದ ಕ್ರಿಮಿಗಳ ಬೆಳವಣಿಗೆ. ‘ಕಫ ಹಳದಿಯಾಗಿದೆ, ಹಸುರಾಗಿದೆ, ಆದ್ದರಿಂದ ಕೀವಾಗಿದೆ’ ಎಂಬ ವಾದವೂ ನಿಲ್ಲುವಂಥದಲ್ಲ. ಸೋಂಕನ್ನು ಎದುರಿಸಲು ಧಾವಿಸಿ ಬಂದ ಬಿಳಿಯ ರಕ್ತಕಣಗಳಲ್ಲಿರುವ ಹಸುರು ಛಾಯೆಯ ಒಂದು ಕಿಣ್ವವೇ ಕಫಕ್ಕೆ ಆ ಬಣ್ಣ ಕೊಡುತ್ತದೆ. ಶತ್ರು ವೈರಾಣುವಾದರೂ ಬ್ಯಾಕ್ಟೀರಿಯವಾದರೂ ಅವು ಬಂದೇ ಬರುತ್ತವೆ. ಇದಕ್ಕೆ ಅಪವಾದಗಳಿಲ್ಲದಿಲ್ಲ: ನಾಯಿಕೆಮ್ಮು ವಯಸ್ಕರಿಗೂ ತಗಲುವುದುಂಟು, ಮೊದಲೇ ಪುಪ್ಪುಸ ಜರ್ಜರಿತವಾಗಿರುವವರ ವಿಚಾರವೂ ಬೇರೆ, ಅದನ್ನು ನಿರ್ಣಯಿಸಬೇಕಾದವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದ ವೈದ್ಯರು, ಅಂಗಡಿಯವರಲ್ಲ.

ಹಾಗೆಂದು ಹದಿನೆಂಟು ದಿನ ಕಣ್ಣು ಮುಚ್ಚಿ ಕುಳಿತಿರಬೇಕೆಂದು ಅರ್ಥವಲ್ಲ. ಬ್ರಾಂಕೈಟಿಸಿನ ವೇಷದಲ್ಲಿ ನ್ಯುಮೋನಿಯ ಬರಬಹುದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿ ನಿಂತರೆ, ನಾಡಿ ನಿಮಿಷಕ್ಕೆ ನೂರನ್ನು ಮೀರಿದರೆ, ಉಸಿರು ನಿಮಿಷಕ್ಕೆ ಇಪ್ಪತ್ತನಾಲ್ಕನ್ನು ಮೀರಿದರೆ, ಉಸಿರೆಳೆದಾಗ ಎದೆಯ ಒಂದು ಪಕ್ಕದಲ್ಲಿ ಚುಚ್ಚಿದಂತಾದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಉಸಿರೆಣಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಎಣಿಸುತ್ತಿದ್ದಾರೆಂದು ತಿಳಿದೊಡನೆ ರೋಗಿಯ ಉಸಿರಾಟದ ಲಯವೇ ಬದಲಾಗುತ್ತದೆ. ಆದುದರಿಂದ ಅನುಭವಸ್ಥ ದಾದಿಯರು ನಾಡಿ ನೋಡುವವರಂತೆ ಮಣಿಕಟ್ಟನ್ನು ಹಿಡಿದುಕೊಂಡೇ, ದೃಷ್ಟಿಯನ್ನು ಹೊದಿಕೆಯ ಏರಿಳಿತದ ಮೇಲಿಟ್ಟು, ಗಡಿಯಾರದ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ ಎಣಿಸುತ್ತಾರೆ. ಮನೆಯಲ್ಲಿಯೂ ಹಾಗೆಯೇ ಮಾಡಬಹುದು. ತೀರ ವೃದ್ಧರಲ್ಲಿ ಜ್ವರವೇ ಕಾಣಿಸಿಕೊಳ್ಳದೆ, ಬರಿಯ ಮಂಪರು, ಊಟ ಬೇಡವೆನ್ನುವುದು, ಮಾತು ತಡವರಿಸುವುದು ಇಷ್ಟರಿಂದಲೇ ನ್ಯುಮೋನಿಯ ಹೊರಬೀಳುವುದುಂಟು. ತುಟಿ ನೀಲಿಗಟ್ಟುವುದು, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಆಡಲಾಗದಿರುವುದು, ಕಫದಲ್ಲಿ ರಕ್ತ ಕಾಣುವುದು: ಇವು ಬೆಳಗಾಗಲೆಂದು ಕಾಯುವ ಲಕ್ಷಣಗಳಲ್ಲ.

ನಮ್ಮ ದೇಶದಲ್ಲಿ ಈ ದಿನಗಣನೆಗೆ ಇನ್ನೊಂದು ಗಡಿಯೂ ಇದೆ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಮ್ಮಿದವರು ಯಾರೇ ಆಗಲಿ, ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಲು ಕಫ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣವಿಲ್ಲ. ಈ ಎಚ್ಚರಿಕೆಯ ಹಿಂದೆ ನಮ್ಮ ತುಮಕೂರು ಜಿಲ್ಲೆಯ ಕಥೆಯೊಂದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಆ ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಹುಡುಕಿ ಮಾತನಾಡಿಸಿ, 1963ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ವಿದ್ಯಾವಂತರ ನಂಬಿಕೆಯಾಗಿತ್ತು. ಆದರೆ ರೋಗಿಗಳಲ್ಲಿ ಅರ್ಧದಷ್ಟು ಜನ ಕೆಮ್ಮನ್ನು ಹೊತ್ತುಕೊಂಡು ಅದಾಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿಬಂದಿದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸುವ ಬದಲು ಕೈಗೊಂದು ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳಿಸಲಾಗಿತ್ತು. ಆ ಸೀಸೆಯ ಕಾಲ ಸಂಪೂರ್ಣ ಮುಗಿಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಬಗೆಹರಿಯದ ಒಣಗೆಮ್ಮಿಗೆ ರಕ್ತದೊತ್ತಡದ ಮಾತ್ರೆಯೂ ಕಾರಣವಾಗಬಹುದು. ಎನಾಲಾಪ್ರಿಲ್, ರಾಮಿಪ್ರಿಲ್ ವರ್ಗದ ಔಷಧಗಳಿಗೆ ಈ ದೋಷವುಂಟು. ಅವನ್ನು ಸೇವಿಸುವವರು ಕೆಮ್ಮಿನ ವಿಷಯವನ್ನು ವೈದ್ಯರಿಗೆ ತಿಳಿಸಿದರೆ ಬೇರೆ ಮಾತ್ರೆ ಬರೆದುಕೊಡುತ್ತಾರೆ, ತಾವಾಗಿಯೇ ನಿಲ್ಲಿಸಬಾರದು.

ಸಾಧಾರಣವಾದ ಬ್ರಾಂಕೈಟಿಸಿಗೆ ಮನೆಯಲ್ಲಿ ಮಾಡಬೇಕಾದ ಉಪಚಾರ ಬಹಳವಿಲ್ಲ. ವಿಶ್ರಾಂತಿ, ಸಾಕಷ್ಟು ಬಿಸಿನೀರು, ಸಾರು, ಗಂಜಿ. ಮೈಕೈ ನೋವಿಗೂ ಜ್ವರಕ್ಕೂ ಮಿತವಾಗಿ ಪ್ಯಾರಾಸಿಟಮಾಲ್. ಗಂಟಲಿಗೆ ಉಪ್ಪುನೀರಿನ ಮುಕ್ಕುಳಿಕೆ. ಮಲಗುವಾಗ ತಲೆಯ ಕಡೆ ಇನ್ನೊಂದು ದಿಂಬು. ಒಂದು ಚಮಚ ಜೇನುತುಪ್ಪ ರಾತ್ರಿಯ ಕೆಮ್ಮನ್ನು ತುಸು ತಗ್ಗಿಸುವುದುಂಟು. ಮಧುಮೇಹಿಗಳು ಜೇನಿನಲ್ಲಿಯೂ ಅಂಗಡಿಯ ಸಿರಪ್ಪಿನಲ್ಲಿಯೂ ಇರುವ ಸಕ್ಕರೆಯನ್ನು ಮರೆಯಬಾರದು. ಮೆಣಸು, ಶುಂಠಿ, ಜೀರಿಗೆಗಳ ಕಷಾಯ ಗಂಟಲಿಗೆ ಹಿತವೆಂಬುದನ್ನು ಯಾರೂ ಅಲ್ಲಗಳೆಯರು, ಅದು ರೋಗವನ್ನೇ ಕಿತ್ತೆಸೆಯುತ್ತದೆಂದು ನಂಬಬೇಕಾಗಿಲ್ಲ. ನಮ್ಮ ಬೇಲಿಗಳಲ್ಲಿ ಬೆಳೆಯುವ ಆಡುಸೋಗೆಯ ಸೊಪ್ಪಿಗೆ ಕೆಮ್ಮಿನ ಮದ್ದೆಂಬ ಖ್ಯಾತಿ ಪುರಾತನವಾದುದು. ಅದರಲ್ಲಿರುವ ವಾಸಿಸಿನ್ ಎಂಬ ದ್ರವ್ಯವನ್ನು ಆಧಾರವಾಗಿಟ್ಟುಕೊಂಡೇ ರಸಾಯನಶಾಸ್ತ್ರಜ್ಞರು ಬ್ರೋಮ್‌ಹೆಕ್ಸಿನ್ ಎಂಬ ಕಫ ತೆಳುಮಾಡುವ ಔಷಧವನ್ನು ರೂಪಿಸಿದರು, ಇಂದು ಸಿರಪ್ಪುಗಳ ಮೇಲೆ ಕಾಣುವ ಆಂಬ್ರಾಕ್ಸಾಲ್ ಅದರದೇ ಸಂತತಿ. ಹಬೆ ತೆಗೆದುಕೊಳ್ಳುವವರು ಕುದಿಯುವ ಪಾತ್ರೆಯನ್ನು ತೊಡೆಯ ಮೇಲೋ ಹಾಸಿಗೆಯ ಮೇಲೋ ಇಟ್ಟುಕೊಂಡು ಕಂಬಳಿ ಹೊದ್ದರೆ, ಹೋಗುವ ಕೆಮ್ಮಿಗಾಗಿ ಹೋಗದ ಸುಟ್ಟಗಾಯವನ್ನು ಕೊಂಡುಕೊಂಡಂತಾದೀತು. ಕೆಮ್ಮನ್ನು ಪೂರ್ತಿಯಾಗಿ ಅದುಮಿಬಿಡುವ, ಅದರಲ್ಲಿಯೂ ಕೊಡೀನ್ ಬೆರೆತ, ಸಿರಪ್ಪುಗಳನ್ನು ಕಫವಿರುವಾಗ ಸ್ವಯಂ ವೈದ್ಯದಿಂದ ಕುಡಿಯುವುದು ಸಲ್ಲದು.

ಇನ್ನು ಸಹನೆಯೇ ತಪ್ಪಾಗುವ ಕೆಮ್ಮಿನ ಮಾತು. ವರ್ಷಕ್ಕೆ ಮೂರು ತಿಂಗಳಾದರೂ, ಎರಡು ವರ್ಷ ಎಡೆಬಿಡದೆ, ಕಫದ ಕೆಮ್ಮು ಬಂದು, ಅದಕ್ಕೆ ಬೇರೆ ಕಾರಣ ಕಾಣದಿದ್ದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ. ಇಲ್ಲಿ ವೈರಾಣುವಿನ ಪಾತ್ರ ಗೌಣ, ಹೊಗೆಯದೇ ಪ್ರಾಧಾನ್ಯ. 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲಿನ ಹೊಗೆ ಬೆರೆತ ಮಂಜು ಲಂಡನ್ನನ್ನು ಮುಸುಕಿದಾಗ ಸುಮಾರು ನಾಲ್ಕು ಸಾವಿರ ಜನ ಸತ್ತರೆಂದು ಅಂದಿನ ಅಂದಾಜು. ಅನೇಕರು ಮೊದಲೇ ಬ್ರಾಂಕೈಟಿಸಿನಿಂದ ನರಳುತ್ತಿದ್ದವರು. ನಮ್ಮಲ್ಲಿ ಆ ಮಂಜು ಬೀದಿಗಿಂತ ಹೆಚ್ಚಾಗಿ ಅಡುಗೆಮನೆಯಲ್ಲಿ ಕವಿದಿತ್ತು. ದೆಹಲಿಯ ಹೃದ್ರೋಗತಜ್ಞೆ ಎಸ್. ಪದ್ಮಾವತಿಯವರು, ಪುಪ್ಪುಸ ಕೆಟ್ಟು ಅದರಿಂದ ಹೃದಯವೂ ಸೋತ ರೋಗಿಗಳ ವಿಚಾರವನ್ನು 1959ರಲ್ಲಿ ಪ್ರಕಟಿಸಿ, ಬೀಡಿ ಮುಟ್ಟದ ಹೆಂಗಸರಲ್ಲಿ ಈ ರೋಗ ಇಷ್ಟಾಗಿರುವುದೇಕೆಂಬ ಪ್ರಶ್ನೆಯನ್ನು ಹಿಡಿದು ಒಲೆಯ ಹೊಗೆಯತ್ತ ಬೆರಳು ತೋರಿದರು. ಬೆರಣಿ, ಹಸಿ ಸೌದೆ, ತೊಗರಿಕಟ್ಟಿಗೆಗಳನ್ನು ಊದುಗೊಳವೆಯಿಂದ ಊದುತ್ತ, ಜಂತೆಯಿಂದ ಇಲ್ಲಣ ಜೋಲುವ ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತವಳ ಮುಖ ಉರಿಯಿಂದ ಒಂದು ಮೊಳ ದೂರವಿರುತ್ತದೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವು, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿ, ಆ ಗುಣಲಬ್ಧ 60ನ್ನು ಮುಟ್ಟಿದಲ್ಲಿಂದ ದೀರ್ಘಕಾಲದ ಬ್ರಾಂಕೈಟಿಸಿನ ಅಪಾಯ ಎದ್ದುಕಾಣುತ್ತದೆಂದು ಹೇಳಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ; ನಲವತ್ತು ತುಂಬುವುದರೊಳಗೆ ಆ ಗಡಿಯನ್ನು ದಾಟಿದ ಗೃಹಿಣಿಯರು ಎಷ್ಟು ಮಂದಿಯಿಲ್ಲ! ಆದರೂ ವೈದ್ಯರು ‘ಕೆಮ್ಮು ಎಷ್ಟು ದಿನದಿಂದ ತಾಯಿ?’ ಎಂದು ಕೇಳಿದರೆ, ‘ಅದು ಇದ್ದುದ್ದೇ ಬುದ್ಧಿ, ಮಂಡಿ ನೋವಿಗೆ ಔಸ್ದಿ ಕೊಡಿ’ ಎಂಬ ಉತ್ತರ ಬರುತ್ತದೆ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ ಹಂಡೆಯ ಒಲೆ ಉರಿಯುತ್ತಲೇ ಇರುವ ಮನೆಗಳು ಹಲವು.

ಗಂಡಸರಲ್ಲಿ ಕಾರಣ ಬಹುಪಾಲು ಬೀಡಿ, ಸಿಗರೇಟು. ಲಂಡನ್ನಿನ ಕೆಲಸಗಾರರನ್ನು ವರ್ಷಗಟ್ಟಲೆ ಪರೀಕ್ಷಿಸಿದ ಫ್ಲೆಚರ್ ಮತ್ತು ಪೆಟೊ 1977ರಲ್ಲಿ ತೋರಿಸಿದಂತೆ, ಸೇದುವುದನ್ನು ಬಿಟ್ಟವನಿಗೆ ಕಳೆದುಹೋದ ಪುಪ್ಪುಸಶಕ್ತಿ ಹಿಂದಿರುಗದು, ಆದರೆ ಮುಂದಿನ ಕುಸಿತದ ವೇಗ ಸೇದದವರ ಮಟ್ಟಕ್ಕಿಳಿಯುತ್ತದೆ. ಐವತ್ತರಲ್ಲಿ ಬಿಟ್ಟರೂ ಲಾಭವೇ. ಬಿಟ್ಟ ಹೊಸದರಲ್ಲಿ ಕೆಮ್ಮು ಹೆಚ್ಚಿತೆಂದು ಹೆದರಿ ಮತ್ತೆ ಹಚ್ಚುವವರುಂಟು. ಅದು ರೋಮಗಳು ಮರಳಿ ಕೆಲಸಕ್ಕೆ ತೊಡಗಿದ ಗುರುತು, ಕೆಲವು ವಾರಗಳಲ್ಲಿ ತಗ್ಗುತ್ತದೆ. ದೀರ್ಘಕಾಲದ ಕೆಮ್ಮಿನ ಜೊತೆಗೆ ಏರು ಹತ್ತುವಾಗ ಏದುಸಿರೂ ಸೇರಿದರೆ, ಕೊಳವೆಯೊಳಗೆ ಬಲವಾಗಿ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯಿಂದ ನಳಿಕೆಗಳು ಎಷ್ಟು ಕಿರಿದಾಗಿವೆಯೆಂದು ತಿಳಿಯುತ್ತದೆ. ಈ ರೋಗಿಗಳಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯೂ, ನ್ಯುಮೋಕಾಕಸ್ ಲಸಿಕೆಯೂ ಅಗತ್ಯ.

ಚಿಕಿತ್ಸೆಯಲ್ಲಿ ಮುಖ್ಯವಾದುದು ಇನ್‌ಹೇಲರ್, ಜನ ‘ಪಂಪು’ ಎನ್ನುವ ಸಾಧನ. ‘ಒಮ್ಮೆ ಹಚ್ಚಿಕೊಂಡರೆ ಬಿಡಲಾಗುವುದಿಲ್ಲ’ ಎಂಬ ಭಯದಿಂದ ಅದನ್ನು ದೂರವಿಟ್ಟು ಮಾತ್ರೆಯನ್ನೇ ಬಯಸುವವರು ಬಹಳ. ಸಾಲ್ಬ್ಯುಟಮಾಲ್ ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ ಔಷಧವಿದ್ದು ಅದು ಮೈಯೆಲ್ಲ ಸುತ್ತಿ ಕೈ ನಡುಗಿಸಿ ಎದೆ ಬಡಿಸಿದರೆ, ಪಂಪಿನ ಒಂದು ಒತ್ತಿಗೆ ಹೊರಬರುವುದು 100 ಮೈಕ್ರೋಗ್ರಾಂ, ಎಂದರೆ ಅದರ ನಲವತ್ತನೆಯ ಒಂದು ಪಾಲು. ಅದೂ ನೇರವಾಗಿ ನಳಿಕೆಗಳಿಗೇ ಹೋಗುತ್ತದೆ. ಹೋಗಬೇಕಾದರೆ ಮಾತ್ರ ಕ್ರಮ ತಪ್ಪಬಾರದು: ಮೊದಲು ಪಂಪನ್ನು ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಒತ್ತಿದೊಡನೆಯೇ ನಿಧಾನವಾಗಿ ಆಳವಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ಉಸಿರು ಬಿಗಿಹಿಡಿಯಬೇಕು, ಕೈಯೂ ಉಸಿರೂ ಹೊಂದದ ವೃದ್ಧರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಗೂಡು ದೊರೆಯುತ್ತದೆ. ಪಂಪಿನಲ್ಲಿ ಸ್ಟೀರಾಯ್ಡ್ ಇದ್ದರೆ ಬಳಸಿದ ಮೇಲೆ ಬಾಯಿ ಮುಕ್ಕುಳಿಸಿ ಉಗುಳಬೇಕು; ಇಲ್ಲವಾದರೆ ನಾಲಗೆಯ ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ.